ಎಷ್ಟೆತ್ತರ ಅನ್ನೋದು ಸರಿ, ಹೇಗೆ ನಿಂತಿದೆ ಅಂತ ಬರೆ

ಪ್ರೀತಿಯ ತಂಗಿ,

ಬುರ್ಜ್ ಖಲೀಫಾ ಬಗ್ಗೆ ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ಜೊತೆಗಿನ ಕಾಗದದಲ್ಲಿ ಒಂದು ಮಾತು ಕೇಳಿದ್ದೀಯಲ್ಲ, "ಕೆಜಿಎಫ್‌ನಲ್ಲಿ ಕೂತು ದುಬೈ ಬಿಲ್ಡಿಂಗ್ ಬಗ್ಗೆ ಯಾಕೆ ಬರೀತೀಯಾ, ನಮ್ಮ ಕೆರೆ, ನಮ್ಮ ಬರ ಇಲ್ವಾ ಅಂತಾರೆ, ಏನು ಹೇಳಲಿ" ಅಂತ. ಏನೂ ಹೇಳಬೇಡ, ಬರೆ. ಕೆರೆ ಬಗ್ಗೆ ಬರೆಯಬೇಕು ಅನ್ನಿಸಿದ ದಿನ ಕೆರೆ ಬಗ್ಗೆ ಬರೆಯುವೆಯಂತೆ. ನನಗೂ ಚಿಕ್ಕಂದಿನಿಂದ ಇದೇ ಹುಚ್ಚು. ಬೆಂಗಳೂರಿಗೆ ಹೋದಾಗಲೆಲ್ಲ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ಕೆಳಗೆ ಕತ್ತೆತ್ತಿ ನಿಂತು ಮಹಡಿ ಎಣಿಸುತ್ತಿದ್ದೆ, ಅಪ್ಪ ಕೈ ಹಿಡಿದು ಎಳೆಯುವವರೆಗೂ. ಆ ಆಸೆ ಇವತ್ತಿಗೂ ತಣಿದಿಲ್ಲ.

ಆದರೆ ನಿನ್ನ ಬರಹದಲ್ಲಿ ಬಿಲ್ಡಿಂಗ್ ಇನ್ನೂ ಎದ್ದು ನಿಂತಿಲ್ಲ ಕಣಮ್ಮ. 828 ಮೀಟರ್ ಅಂದೆ, 163 ಮಹಡಿ ಅಂದೆ, ಆಮೇಲೆ ಬರೀ ಅದ್ಭುತ, ಭವ್ಯ, ಮೋಡಕ್ಕೆ ಮುತ್ತು. ಅಷ್ಟೆತ್ತರ ಹೋದದ್ದಕ್ಕೆ ದೊಡ್ಡ ಕಾಟ ಯಾವುದು ಅಂತ ನೀನು ಕೇಳಲೇ ಇಲ್ಲ. ಗಾಳಿ! ಅದು ಎದುರಿನಿಂದ ತಳ್ಳುವುದಷ್ಟೇ ಅಲ್ಲ, ಕಟ್ಟಡವನ್ನು ಬಳಸಿಕೊಂಡು ಹೋಗುವಾಗ ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಸುಳಿ ಎಬ್ಬಿಸುತ್ತದೆ. ಆ ಸುಳಿಗಳ ತಾಳ, ಕಟ್ಟಡ ತಾನಾಗಿ ತೂಗುವ ತಾಳ, ಎರಡೂ ಕೂಡಿಬಿಟ್ಟರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಓಲಾಟ ಹೆಚ್ಚುತ್ತಲೇ ಹೋಗುತ್ತದೆ. ಈಗ ಬುರ್ಜ್ ಚಿತ್ರವನ್ನು ಮತ್ತೆ ನೋಡು. ನಡುವೆ ಗಟ್ಟಿ ಕಾಂಕ್ರೀಟ್ ಕಂಬ, ಅದಕ್ಕೆ ಅಂಟಿದ ಮೂರು ರೆಕ್ಕೆ, ಒಂದಕ್ಕೆ ಇನ್ನೆರಡರ ಆಸರೆ. ಮೇಲೆ ಹೋದಂತೆ ರೆಕ್ಕೆಗಳು ಸರದಿಯ ಮೇಲೆ ಒಂದೊಂದು ಎತ್ತರದಲ್ಲಿ ಮೊಟಕಾಗುತ್ತವೆ. ಅದು ಚೆಂದಕ್ಕೆ ಮಾತ್ರ ಅಲ್ಲ. ಹಂತ ಹಂತಕ್ಕೂ ಆಕಾರ ಬೇರೆ, ಹಾಗಾಗಿ ಸುಳಿಗಳಿಗೆ ತಾಳ ಕೂಡಿಸಲು ಆಗುವುದಿಲ್ಲ. ಆರ್ಕಿಟೆಕ್ಟ್ ಏಡ್ರಿಯನ್ ಸ್ಮಿತ್, ಎಂಜಿನಿಯರ್ ಬಿಲ್ ಬೇಕರ್ ಮತ್ತು ಅವರ ತಂಡದವರು ಯಂತ್ರದಿಂದ ಗಾಳಿ ಬೀಸಿಸುವ ಗಾಳಿ ಸುರಂಗದಲ್ಲಿ ಮಾದರಿ ಇಟ್ಟು, ಮತ್ತೆ ಮತ್ತೆ ನೋಡಿ, ಆಕಾರ ತಿದ್ದಿದರು. ಇಷ್ಟು ಬರೆದರೆ 'ಭವ್ಯ' ಅನ್ನುವ ಪದ ತಾನಾಗಿಯೇ ಉದುರಿಹೋಗುತ್ತದೆ.

ಪಾಯದ ಕಡೆಗೂ ಇಳಿ. 192 ಪೈಲ್‌ಗಳು, ಅಂದರೆ ನೆಲದೊಳಗೆ ಇಳಿಸಿದ ಕಾಂಕ್ರೀಟ್ ಕಂಬಗಳು, ಒಂದೊಂದೂ ಒಂದೂವರೆ ಮೀಟರ್ ದಪ್ಪ, 40 ಮೀಟರಿಗೂ ಜಾಸ್ತಿ ಉದ್ದ. ಬೇಸಿಗೆಯಲ್ಲಿ ಕಾಂಕ್ರೀಟ್ ಬೇಗ ಬಿಗಿದುಕೊಳ್ಳಬಾರದು ಅಂತ ಐಸ್ ಸೇರಿಸಿ ಕಲಸಿ ರಾತ್ರಿ ಹೊತ್ತು ಹಾಕಿದರು. ಪಂಪ್ ಅದನ್ನು 606 ಮೀಟರ್ ಮೇಲಕ್ಕೆ ಏರಿಸಿತು. ಏಪ್ರಿಲ್ ಬಿಸಿಲಲ್ಲಿ ಸ್ಲ್ಯಾಬ್ ಹಾಕಿಸಿದ ನಮ್ಮ ಯಾವ ಮೇಸ್ತ್ರಿಗೆ ಬೇಕಾದರೂ ಇದನ್ನು ಹೇಳಿ ನೋಡು, ಅವರ ಮುಖ ನೋಡಿಯೇ ನಿನಗೆ ಅರ್ಧ ಪ್ಯಾರಾ ಸಿಗುತ್ತದೆ. ಇನ್ನೊಂದು, ಅಲ್ಲಿ ದುಡಿದವರಲ್ಲಿ ಬಹಳ ಜನ ಭಾರತ, ಪಾಕಿಸ್ತಾನ, ಬಾಂಗ್ಲಾ ಕಡೆಯವರು. ಕೂಲಿ ಸಾಲದು ಅಂತ 2006ರಲ್ಲಿ ಅದೇ ಸೈಟಿನಲ್ಲಿ ದೊಡ್ಡ ಗಲಾಟೆ ಆಯಿತು. ನೀನು ಅದನ್ನು ಒಂದು ಸಾಲಿನಲ್ಲೂ ಹೇಳಿಲ್ಲ. ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಕಂಡು ಬೆಳೆದವಳು ನೀನು, ಆ ಕೈಗಳನ್ನು ಬಿಡಬಾರದು.

ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಬಗ್ಗೆ ಓದಿದ್ದೀಯಾ? 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಒಳಗೆಲ್ಲ ಕಂಬ ತುಂಬುವ ಬದಲು ಹೊರಗಿನ ಕಂಬಗಳನ್ನೇ ಒತ್ತೊತ್ತಾಗಿ ನಿಲ್ಲಿಸಿ ಇಡೀ ಕಟ್ಟಡವನ್ನು ಒಂದು ಕೊಳವೆ ಮಾಡಿದರೆ ಅದೇ ಗಾಳಿಯನ್ನು ತಡೆಯುತ್ತದೆ ಅಂತ ತೋರಿಸಿದರು. ಶಿಕಾಗೋದ ಸಿಯರ್ಸ್ ಟವರ್ (ಈಗಿನ ಹೆಸರು ವಿಲ್ಲಿಸ್ ಟವರ್), 442 ಮೀಟರ್, ಇಪ್ಪತ್ತು ವರ್ಷಕ್ಕೂ ಜಾಸ್ತಿ ಜಗತ್ತಿಗೇ ಎತ್ತರದ್ದಾಗಿ ಉಳಿದದ್ದು, ಅವರ ಲೆಕ್ಕದ ಮೇಲೆ ನಿಂತಿರುವುದು.

ಈಗ ನಿನ್ನ ಊರಿಗೆ ಬರೋಣ, ನನಗೆ ಹೆಚ್ಚು ಆಸೆ ಇರುವುದು ಇಲ್ಲೇ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಸುಮಾರು 3.2 ಕಿಲೋಮೀಟರ್ ಆಳ. ಮೂರು ಬುರ್ಜ್ ಖಲೀಫಾಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಇಳಿಸಿದರೂ ಮೇಲೆ ಇನ್ನೂ 700 ಮೀಟರ್ ಖಾಲಿ ಇರುತ್ತದೆ! ಮೇಲೆ ಹೋದವರಿಗೆ ಗಾಳಿಯ ಕಾಟ, ಕೆಳಗೆ ಹೋದವರಿಗೆ ಬಂಡೆಯದು. ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು, ಶಾಖಕ್ಕೆ ತಂಪು ಗಾಳಿ ಇಳಿಸಬೇಕಿತ್ತು. ಈ ಗಣಿಗಳಿಗಾಗಿಯೇ ಅಲ್ವಾ, 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ಇಲ್ಲಿಯವರೆಗೆ ಕರೆಂಟ್ ಎಳೆದು ತಂದದ್ದು? ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣವನ್ನು ಹಿಡಿದರು ವಿಜ್ಞಾನಿಗಳು. ಮತ್ತೆ ಈ ಎರಡು ಲೋಕಕ್ಕೂ ಜೀವ ಒಂದೇ, ಹಗ್ಗ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಲಿಫ್ಟ್ ಬೀಳದಂತೆ ತಡೆಯುವ ಬ್ರೇಕ್ ಮಾಡಿದ ಎಲಿಶಾ ಓಟಿಸ್ ಲಿಫ್ಟಿನ ಹಲಗೆ ಮೇಲೆ ನಿಂತು, ಎಲ್ಲರೆದುರು ಹಗ್ಗ ಕತ್ತರಿಸಲು ಹೇಳಿದರು. ಹಲಗೆ ಸ್ವಲ್ಪ ಜಾರಿ ಅಲ್ಲೇ ಕಚ್ಚಿಕೊಂಡು ನಿಂತಿತು. ಜನರಿಗೆ ಆ ನಂಬಿಕೆ ಬಾರದಿದ್ದರೆ ಹತ್ತನೇ ಮಹಡಿಗೆ ಯಾರು ಹೋಗುತ್ತಿದ್ದರು ಹೇಳು. ಜನರನ್ನು ಇಳಿಸಿ ಏರಿಸುವ ಪಂಜರ, ಅಂದರೆ ಕೇಜ್ ಇಲ್ಲದೆ ಗಣಿ ಇಲ್ಲ, ಲಿಫ್ಟ್ ಇಲ್ಲದೆ ಟವರ್ ಇಲ್ಲ.

ಹಾಗಾಗಿ ಈ ಬರಹವನ್ನು ಬಿಸಾಡಬೇಡ, ಅರ್ಧ ಮಾತ್ರ ಮುಗಿದಿದೆ ಅಂದುಕೋ. ಗಣಿ ಮುಚ್ಚಿದ್ದು 2001ರಲ್ಲಿ, ಕೇಜ್ ಇಳಿಸಿ ಏರಿಸಿದವರು ನಿನ್ನ ಬೀದಿಗಳಲ್ಲೇ ಇನ್ನೂ ಸಿಗುತ್ತಾರೆ. ಒಬ್ಬರ ಹತ್ತಿರ ಕೂತು ಸಣ್ಣ ಸಣ್ಣ ಪ್ರಶ್ನೆ ಕೇಳು. ಕೇಜ್ ಎಷ್ಟು ಕೆಳಗಿದೆ ಅಂತ ಮೇಲಿನವರಿಗೆ ಹೇಗೆ ತಿಳಿಯುತ್ತಿತ್ತು? ಗಂಟೆ ಎಷ್ಟು ಸಲ ಬಾರಿಸಿದರೆ ಏನರ್ಥ? ಹಗ್ಗವನ್ನು ಯಾರು, ಹೇಗೆ ಪರೀಕ್ಷಿಸುತ್ತಿದ್ದರು? ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲೇ ಬರೆದುಕೋ, ಕನ್ನಡ ಆಮೇಲೆ ಮಾಡಿದರಾಯಿತು. ಮೊದಲ ಎರಡು ಪ್ಯಾರಾ ತೆಗೆದುಹಾಕಿ ಗಾಳಿಯಿಂದ ಶುರುಮಾಡು, ನಡುವೆ ಗಣಿಗೆ ಇಳಿ. ಮುಗಿದ ಮೇಲೆ ಪ್ರಿಂಟ್ ತೆಗೆದು ಕಳಿಸು, ಅಂಚಿನಲ್ಲಿ ಜಾಗ ಜಾಸ್ತಿ ಬಿಡು, ನಾನು ಬರೆಯುವುದು ಬಹಳ ಇರುತ್ತದೆ.

ನಿನ್ನ ಅಣ್ಣ,
ಕೋಲಾರದಿಂದ