ಹೆಸರಿಲ್ಲದೆ ಹೋದ ಕೂಸುಗಳ ಬಗ್ಗೆ ಒಂದು ತಿದ್ದುಪಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ಸಾವಿನ ಆಚೆ ಏನಿದೆ ಅಂತ ಬೇರೆ ಬೇರೆ ಧರ್ಮದವರು ಏನು ನಂಬುತ್ತಾರೆ ಎಂಬ ಲೇಖನ ಬಂದಿತ್ತು. ಕ್ರೈಸ್ತರ ಭಾಗವನ್ನು ಎರಡು ಸಲ ಓದಿದೆ. ಕಡೇ ದಿನದ ತೀರ್ಪು, ಶರೀರದ ಪುನರುತ್ಥಾನ, ನಿತ್ಯಜೀವ, ಎಲ್ಲ ಸರಿಯಾಗಿಯೇ ಇದೆ. ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೋಗುವುದು ಸತ್ತವರನ್ನು ಕರೆಯೋಕಲ್ಲ, ಅವರಿಗಾಗಿ ದೇವರನ್ನು ಬೇಡೋಕೆ ಅಂತ ಬಿಡಿಸಿ ಬರೆದಿದ್ದು ನೋಡಿ ಖುಷಿಯಾಯಿತು.

ಆದರೆ ಕೊನೆಯಲ್ಲಿ ಒಂದು ಸಾಲಿದೆ. ದೀಕ್ಷಾಸ್ನಾನ (ತಲೆಗೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ) ಆಗದೆ ಸತ್ತ ಕೂಸುಗಳು ಸ್ವರ್ಗಕ್ಕೆ ಹೋಗುವುದಿಲ್ಲ, 'ಲಿಂಬೊ' ಎಂಬ ಜಾಗದಲ್ಲಿ ಉಳಿದುಬಿಡುತ್ತವೆ ಎಂದು ಕ್ಯಾಥೊಲಿಕರು ನಂಬುತ್ತಾರೆ ಅಂತ. ಇದು ತಪ್ಪು. ಚಿಕ್ಕ ತಪ್ಪಲ್ಲ. ಈ ಒಂದು ಮಾತು ನಮ್ಮ ಅವ್ವನನ್ನು ನಲವತ್ತೈದು ವರ್ಷ ತಿಂದುಹಾಕಿತು.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. 1962ರ ಮಳೆಗಾಲ. ನನಗಾಗ ಏಳು ವರ್ಷ. ಅವ್ವನಿಗೆ ಮನೆಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ಹೆಚ್ಚು ಹೊತ್ತು ಬದುಕಲಿಲ್ಲ. ಕೂಸಿನ ಜೀವ ಹೋಗುವಂತಿದ್ದರೆ ಯಾರು ಬೇಕಾದರೂ ತಲೆಗೆ ನೀರು ಹಾಕಿ, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ದೀಕ್ಷಾಸ್ನಾನ ಕೊಡಬಹುದು. ಕೊಡುವವರು ಕ್ರೈಸ್ತರೇ ಆಗಬೇಕೆಂದಿಲ್ಲ. ಕೊಡುವ ಮನಸ್ಸಿದ್ದರೆ ಸೂಲಗಿತ್ತಿಯೂ ಕೊಡಬಹುದು. ಆಗ ಅದನ್ನು ನಮ್ಮ ಕಡೆ ಜ್ಞಾನಸ್ನಾನ ಅಂತಿದ್ದರು. ಅವ್ವನಿಗೆ ಇದೆಲ್ಲ ಗೊತ್ತಿತ್ತು. ಆದರೆ ರಕ್ತ ಜಾಸ್ತಿ ಹೋಗಿ ಅವಳಿಗೇ ಪ್ರಜ್ಞೆ ಇರಲಿಲ್ಲ. ಎಚ್ಚರವಾಗುವ ಹೊತ್ತಿಗೆ ಕೂಸು ತಣ್ಣಗಾಗಿತ್ತು.

ನಮ್ಮ ಚರ್ಚಿನ ಆಗಿನ ಗುರುಗಳು, ಕೂಸಿಗೆ ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ) ಇಲ್ಲ, ಮಂತ್ರಿಸಿದ ಸಮಾಧಿ ನೆಲವೂ ಇಲ್ಲ ಅಂದರು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲ ಅದು. 1917ರ ಚರ್ಚ್ ಕಾನೂನು ಹಾಗೇ ಇತ್ತು, ಅವರನ್ನು ನಾನು ದೂರುವುದಿಲ್ಲ. ಅಪ್ಪ ತಾನೇ ಗುದ್ದಲಿ ಹಿಡಿದು ಸಮಾಧಿ ಜಾಗದ ಕತ್ತಾಳೆ ಬೇಲಿ ಪಕ್ಕ ಗುಂಡಿ ತೋಡಿದ. ಅವ್ವನ ಹಳೇ ಸೀರೆ ಹರಿದು ಕೂಸಿಗೆ ಸುತ್ತಿದ್ದರು. ಮೇಲೆ ಗುರುತಿಗೆ ಒಂದು ಬೆಣಚುಕಲ್ಲು. ಶಿಲುಬೆ ಇಡಲಿಲ್ಲ. ಹೆಸರೂ ಇಡಲಿಲ್ಲ. ನಮ್ಮಲ್ಲಿ ಹೆಸರಿಡುವುದು ಜ್ಞಾನಸ್ನಾನದ ಹೊತ್ತಿಗೆ ಅಲ್ವಾ?

ಪ್ರತಿ ನವೆಂಬರ್ 2ಕ್ಕೆ ಅವ್ವ ತಾತ ಅಜ್ಜಿಯ ಸಮಾಧಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು, ಮೇಣದ ಬತ್ತಿ ಹಚ್ಚುತ್ತಿದ್ದಳು. ಎಲ್ಲರೂ ಮನೆ ಕಡೆ ಹೊರಟ ಮೇಲೆ ಉಳಿದ ಒಂದು ಮೋಟು ಬತ್ತಿ ಹಿಡಿದು ಬೇಲಿ ಹತ್ತಿರ ಹೋಗುತ್ತಿದ್ದಳು. ಅಲ್ಲಿ ಗಾಳಿ ಜಾಸ್ತಿ. ಸೆರಗನ್ನು ಅಡ್ಡ ಹಿಡಿದು ಕೂರುತ್ತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಒಂದು ಸಲ ಕೇಳಿದೆ, ಯಾಕವ್ವ ಪ್ರಾರ್ಥನೆ ಮಾಡಲ್ಲ ಅಂತ. "ಅಲ್ಲಿಗೆ ಪ್ರಾರ್ಥನೆ ಮುಟ್ಟಕಿಲ್ವಂತೆ" ಅಂದಳು. ಅಷ್ಟೇ.

ಈ ಲಿಂಬೊ ಎಲ್ಲಿಂದ ಬಂತು ಅಂತ ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. ಬೈಬಲಿನಲ್ಲಿ ಆ ಪದವೇ ಇಲ್ಲ. ಲ್ಯಾಟಿನ್‌ನಲ್ಲಿ 'ಲಿಂಬುಸ್' ಅಂದರೆ ಅಂಚು, ಬಟ್ಟೆಯ ಅಂಚು. ಸೀರೆ ಅಂಚು ಅಂತೀವಲ್ಲ, ಅದೇ. ಇದನ್ನು ಓದಿದ ದಿನ ನನಗೆ ಆ ಕತ್ತಾಳೆ ಬೇಲಿ ಕಣ್ಣ ಮುಂದೆ ಬಂತು.

ಐದನೇ ಶತಮಾನದಲ್ಲಿ ಸಂತ ಅಗಸ್ಟೀನರು, ಜನ್ಮಪಾಪ (ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಬರುತ್ತದೆ ಅನ್ನುವ ಪಾಪ) ತೊಳೆಯದೆ ಸತ್ತ ಕೂಸಿಗೆ ಸ್ವರ್ಗ ಇಲ್ಲ, ಆದರೆ ಅದಕ್ಕಾಗುವ ಶಿಕ್ಷೆ ಎಲ್ಲರಿಗಿಂತ ಹಗುರ ಅಂದರು. ಹಗುರವಾದರೂ ಶಿಕ್ಷೆಯೇ ತಾನೇ? ಮುಂದಿನ ಪಂಡಿತರಿಗೆ ಅದು ಒಪ್ಪಿಗೆಯಾಗಲಿಲ್ಲ. ಹದಿಮೂರನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಆ ಕೂಸುಗಳಿಗೆ ಯಾವ ನೋವೂ ಇಲ್ಲ, ಸುಖವಾಗಿಯೇ ಇರುತ್ತವೆ, ದೇವರ ಮುಖ ಮಾತ್ರ ಕಾಣುವುದಿಲ್ಲ ಅಂತ ಬರೆದರು. ಈ ಮಾತು ನೂರಾರು ವರ್ಷ ಪಾಠದಲ್ಲಿ ಉಳಿಯಿತು, ಹಳ್ಳಿಹಳ್ಳಿಗೆ ಬಂತು. ಆದರೆ ಇದನ್ನು ನಂಬಲೇಬೇಕು ಅಂತ ಸಭೆ, ಅಂದರೆ ಕ್ಯಾಥೊಲಿಕ್ ಚರ್ಚು, ಯಾವತ್ತೂ ವಿಧಿಸಿದ್ದಿಲ್ಲ. ಲೇಖಕರು ಇದನ್ನು ದಯವಿಟ್ಟು ಗಮನಿಸಬೇಕು. ಪ್ರಾಟೆಸ್ಟೆಂಟ್ ಸಭೆಗಳಲ್ಲಂತೂ ಲಿಂಬೊ ಇಲ್ಲವೇ ಇಲ್ಲ.

ನನಗೆ ಚಿಕ್ಕಂದಿನಲ್ಲೇ ಒಂದು ಪ್ರಶ್ನೆ ಇತ್ತು. ಡಿಸೆಂಬರ್ 28ರಂದು, ಕೂಸು ಯೇಸುವನ್ನು ಕೊಲ್ಲಬೇಕೆಂದು ಹೆರೋದ ರಾಜ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ಹಬ್ಬ ಮಾಡುತ್ತೇವೆ. ಅವರನ್ನು ಸಂತರು ಅನ್ನುತ್ತೇವೆ. ಅವರಿಗೆ ಯಾರು ನೀರು ಹಾಕಿದ್ದರು? ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದಕ್ಕೆ, ಯೇಸುವಿಗಾಗಿ ಸತ್ತರಲ್ಲ, ಅವರಿಗೆ ಸುರಿದ ರಕ್ತವೇ ಜ್ಞಾನಸ್ನಾನ ಅಂದರು. ಸರಿ ಅನ್ನಿಸಿತು. ಆದರೂ ದೇವರು ಒಂದು ದಾರಿ ಇಟ್ಟವನು ಇನ್ನೊಂದು ಇಡಲಾರನಾ ಅನ್ನುವುದು ಮನಸ್ಸಿನಲ್ಲೇ ಉಳಿಯಿತು.

ಸಭೆ ಕೂಡ ನಿಧಾನಕ್ಕೆ ಅದೇ ಕಡೆ ನಡೆದು ಬಂತು. 1969ರ ಹೊಸ ಶವಸಂಸ್ಕಾರ ವಿಧಿಯಲ್ಲಿ, ತಂದೆತಾಯಿ ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದು ಅಷ್ಟರಲ್ಲೇ ತೀರಿಹೋದ ಕೂಸಿಗೂ ಪ್ರಾರ್ಥನೆಗಳು ಬಂದವು. 1983ರ ಚರ್ಚ್ ಕಾನೂನಿನ ಪ್ರಕಾರ ಬಿಷಪ್ಪರ ಅನುಮತಿ ಇದ್ದರೆ ಅಂಥ ಕೂಸಿಗೆ ಚರ್ಚಿನ ಶವಸಂಸ್ಕಾರವೇ ಆಗಬಹುದು. 1992ರ ಧರ್ಮೋಪದೇಶ ಗ್ರಂಥದಲ್ಲಿ ಇಂಥ ಕೂಸುಗಳ ವಿಷಯ ಇದೆ, ಲಿಂಬೊ ಅನ್ನುವ ಮಾತಿಲ್ಲ. ಸಭೆ ಅವರನ್ನು ದೇವರ ಕರುಣೆಗೆ ಒಪ್ಪಿಸುತ್ತದೆ ಅಂತಿದೆ. ಮಕ್ಕಳು ನನ್ನ ಹತ್ತಿರ ಬರಲಿ, ತಡೆಯಬೇಡಿ ಅಂದ ಯೇಸುವಿನ ಮಾತನ್ನೇ ಅಲ್ಲಿ ನೆನೆದಿದ್ದಾರೆ.

ಕೊನೆಗೆ 2007ರ ಏಪ್ರಿಲ್‌ನಲ್ಲಿ, ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆ ಪಡೆದು, ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದರ ಬಗ್ಗೆಯೇ ಒಂದು ದಸ್ತಾವೇಜು ಹೊರತಂದಿತು. ನಮಗೆ ಖಚಿತವಾಗಿ ಗೊತ್ತು ಅಂತ ಅದು ಹೇಳಲಿಲ್ಲ. ದೀಕ್ಷಾಸ್ನಾನವನ್ನು ತಡಮಾಡಬಹುದು ಅಂತಲೂ ಹೇಳಲಿಲ್ಲ. ಈ ಕೂಸುಗಳು ದೇವರನ್ನು ಸೇರುತ್ತವೆ ಎಂದು ಭರವಸೆ ಇಡಲು ಗಟ್ಟಿ ಕಾರಣಗಳಿವೆ ಅಂದಿತು. ಒಬ್ಬ ತಾಯಿಗೆ ಅಷ್ಟು ಸಾಕು.

ಪರಿಚಯದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಒಬ್ಬರು ಅದನ್ನು ಪ್ರಿಂಟ್ ತೆಗೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಾನು ಕನ್ನಡ ಮೇಷ್ಟ್ರು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾಲ್ಕು ರಾತ್ರಿ ಓದಿದೆ. ಆಮೇಲೆ ಊರಿಗೆ ಹೋದೆ. ಅವ್ವನಿಗೆ ಆಗ ಎಪ್ಪತ್ತಮೂರು. ಜಗಲಿ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನಗೆ ತಿಳಿದಂತೆ ಹೇಳಿದೆ. ಕೈ ನಿಲ್ಲಿಸಲಿಲ್ಲ, ಕಲ್ಲು ಹೆಕ್ಕುತ್ತಲೇ ಇದ್ದಳು. ಕೇಳಿಸಿತೋ ಇಲ್ಲವೋ ಅಂದುಕೊಂಡೆ. ತುಂಬ ಹೊತ್ತಾದ ಮೇಲೆ ಕೇಳಿದಳು: "ಹಂಗಾದ್ರೆ ಕೂಸಿಗೆ ಒಂದ್ ಹೆಸ್ರು ಇಡ್ಬೋದಾ ಮಗಾ?"

ಹೆಸರು ಅವಳ ಹತ್ತಿರ ತಯಾರಾಗಿಯೇ ಇತ್ತು. 1962ರಿಂದಲೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯ ಹೆಸರು.

ಇದು ಹಳೇ ಕಾಲದ ಕಥೆ, ಈಗ ಯಾರು ಲಿಂಬೊ ನಂಬುತ್ತಾರೆ ಅಂತ ನೀವು ಕೇಳಬಹುದು. ಹೋದ ವರ್ಷ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಮನೆಯ ಹಿರಿಯರು ಅವಳಿಗೂ ಇದೇ ಮಾತು ಹೇಳಿದ್ದಾರೆ. ಅವಳು ನನ್ನ ಹಳೇ ವಿದ್ಯಾರ್ಥಿನಿ, ನಿಮ್ಮ ಪತ್ರಿಕೆಯನ್ನು ದಿನಾ ಓದುವವಳು. ಭಾನುವಾರ ಬೆಳಿಗ್ಗೆ ಅವಳದೇ ಫೋನ್ ಬಂತು. "ಟೀಚರ್, ನೀವು ಹೇಳಿದ್ದು ಒಂದು, ಪೇಪರ್‌ನಲ್ಲಿ ಬಂದಿರೋದು ಇನ್ನೊಂದು" ಅಂದಳು. ಅದಕ್ಕೇ ಈ ಕಾಗದ. ಮುಂದಿನ ಭಾನುವಾರ ಅದೇ ಪುಟದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಒಂದು ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಅದು ಅವಳ ಕಣ್ಣಿಗೆ ಬೀಳಬೇಕು.

ನವೆಂಬರ್‌ನಲ್ಲಿ ನಮ್ಮ ಚರ್ಚಿನಲ್ಲಿ ಪ್ರತಿ ಮನೆಯವರೂ ತೀರಿಹೋದವರ ಹೆಸರು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬಲಿಪೂಜೆಯಲ್ಲಿ ಗುರುಗಳು ಓದುತ್ತಾರೆ. 2007ರಲ್ಲಿ ಅವ್ವ ಮೊದಲ ಸಲ ಆ ಹೆಸರನ್ನು ಬರೆಸಿದಳು. ಓದುವಾಗ ನನ್ನ ಕೈ ಹಿಡಿದುಕೊಂಡಿದ್ದಳು. 2011ರಲ್ಲಿ ಅವಳೂ ಹೋದಳು. ಬೇಲಿ ಇದ್ದ ಕಡೆ ಈಗ ಕಾಂಪೌಂಡ್ ಗೋಡೆ ಇದೆ, ಬೆಣಚುಕಲ್ಲು ಗೋಡೆಯ ಒಳಗೇ ಉಳಿದಿದೆ. ತನ್ನನ್ನು ಅದರ ಪಕ್ಕ ಇಡಬೇಕು ಅಂದಿದ್ದಳು, ಹಾಗೇ ಮಾಡಿದೆವು. ಈಗ ಚೀಟಿ ಬರೆಯುವವಳು ನಾನು. ಅವ್ವನ ಹೆಸರು ಬರೆದು, ಅದರ ಕೆಳಗೆ ತಮ್ಮನ ಹೆಸರು ಬರೆಯುತ್ತೇನೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ, ಹಾಸನ