ಪ್ಲೇಗಿನ ಮನೆಗಳ ಕಥೆ ಬರಲಿ

ಮಾನ್ಯ ಸಂಪಾದಕರೇ,

ಪ್ಲೇಗು 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂತು ಎನ್ನುತ್ತದೆ ಇತಿಹಾಸ. ಆದರೆ ಇಲಿ ಸತ್ತು ಬಿದ್ದ ಕೂಡಲೇ ಮನೆಗೆ ಕೀಲಿ ಜಡಿದು ಹೊಲದ ಗುಡಿಸಲು ಸೇರಿದ ತಾಯಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದ ಮಗುವನ್ನು ಹೇಗೆ ಎತ್ತಿಕೊಂಡಳು? ಅದನ್ನು ಕಾದಂಬರಿಯೇ ಹೇಳಬೇಕು. ನಮ್ಮಜ್ಜಿ ‘ಹೊಲಕ್ಕ ಹೋದ ವರ್ಷ’ ಅಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಸತ್ತ ತಮ್ಮನ ಹೆಸರು ಬಾಯಿಗೆ ಬರುತ್ತಲೇ ಇರಲಿಲ್ಲ.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡ ಊರು ನಮ್ಮದು. ಹೆಣದ ಹತ್ತಿರ ಹೋಗಲಾಗದ ಸಂಕಟ ಇಲ್ಲಿ ಯಾರಿಗೂ ಹೊಸದಲ್ಲ. ನಿಜಾಮರ ಕಾಲದ ಕಲಬುರಗಿಯ ಒಂದು ಮನೆ ಹಿಡಿದು ಯಾರಾದರೂ ಬರೆಯಲಿ. ರೊಟ್ಟಿ ಬಡಿಯುವ ಸದ್ದಿನಿಂದ ಶುರುವಾದರೂ ಸಾಕು; ರಾಜಮಹಾರಾಜರು ಬೇಡ.

– ಒಬ್ಬ ಓದುಗ, ಬ್ರಹ್ಮಪುರ, ಕಲಬುರಗಿ