ನಾಲ್ಕನೇ ತರಗತಿಯ ಶಿಕ್ಷಕಿಯಾದ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ತರಗತಿಯ ಮಕ್ಕಳು ಕನ್ನಡ ಪಾಠವನ್ನು ತಡವರಿಸದೆ ಓದುತ್ತಾರೆ, ಆದರೂ ಗಣಿತದಲ್ಲಿ ಮತ್ತು ಪರಿಸರ ಅಧ್ಯಯನದಲ್ಲಿ ಹಿಂದೆ ಬೀಳುತ್ತಾರೆ ಎಂದು ಬರೆದಿದ್ದೀಯೆ. ಇನ್ನಷ್ಟು ಲೆಕ್ಕಗಳನ್ನು ಕೊಡುವ ಮೊದಲು, ಓದಿದ್ದರಲ್ಲಿ ಅವರಿಗೆ ತಿಳಿಯುತ್ತಿರುವುದು ಎಷ್ಟೆಂದು ನೋಡು.

ಒಂದು ಲೆಕ್ಕವನ್ನೇ ತೆಗೆದುಕೊ. ‘ರಾಜುವಿನ ಬಳಿ 25 ಗೋಲಿಗಳಿವೆ. ಇವು ಸಲ್ಮಾಳ ಬಳಿ ಇರುವುದಕ್ಕಿಂತ 7 ಹೆಚ್ಚು. ಸಲ್ಮಾಳ ಬಳಿ ಎಷ್ಟಿವೆ?’ ‘ಹೆಚ್ಚು’ ಕಣ್ಣಿಗೆ ಬಿದ್ದೊಡನೆ ಕೂಡಿಸಿ 32 ಎಂದು ಬರೆಯುವ ಮಗುವಿಗೆ ಕೂಡುವುದೂ ಗೊತ್ತು, ಕಳೆಯುವುದೂ ಗೊತ್ತು. ಗೊತ್ತಾಗದೆ ಉಳಿದದ್ದು ಯಾರ ಬಳಿ ಹೆಚ್ಚಿವೆ ಎಂಬುದು. ಅದನ್ನು ಗಣಿತದ ತಪ್ಪೆಂದು ಎಣಿಸಿ ಮರುದಿನ ಹತ್ತು ವ್ಯವಕಲನ ಮಾಡಿಸಿದರೆ ಏನೂ ಸುಧಾರಿಸದು. ‘ಒಟ್ಟು ಎಂದಿದ್ದರೆ ಕೂಡು, ಉಳಿದದ್ದು ಎಂದಿದ್ದರೆ ಕಳೆ’ ಎಂಬ ಸೂತ್ರವನ್ನಂತೂ ದಯವಿಟ್ಟು ಕಲಿಸಬೇಡ; ಓದದೆಯೇ ಉತ್ತರ ಬರೆಯುವುದಕ್ಕೆ ಅದೊಂದು ಪರವಾನಗಿ.

ಮೂರನೇ ತರಗತಿಯವರೆಗೆ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡುಗಳಲ್ಲಿ ಚಿತ್ರಗಳ ಆಸರೆಯಿಂದ ಓದಿದವರು, ನಾಲ್ಕಕ್ಕೆ ಬಂದೊಡನೆ ಪ್ರತಿ ವಿಷಯವನ್ನೂ ಪಠ್ಯ ಓದಿಯೇ ಕಲಿಯಬೇಕು. ಒತ್ತಕ್ಷರಗಳ ಮೇಲೆ ಹಿಡಿತ ಇನ್ನೂ ಕುದುರುತ್ತಿರುವ ಮಗುವಿನ ಗಮನವೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿ, ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಆರಂಭವೇ ಮರೆತುಹೋಗಿರುತ್ತದೆ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳಿಗೆ ಗ್ರಾಂಥಿಕ ಕನ್ನಡ ಮತ್ತೊಂದು ಹೊರೆ.

ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ, ಗ್ರಹಿಕೆಯ ಓದೆಂಬುದು ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿಗಳ ಗುಣಲಬ್ಧವೆಂದರು. ಅದು ಮೊತ್ತವಲ್ಲ, ಗುಣಲಬ್ಧ. ಆದ್ದರಿಂದ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದೂ ಫಲವಿಲ್ಲ. ಮಕ್ಕಳ ಓದು ಮತ್ತು ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ ಭಾರತ ಯೋಜನೆಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಓದುವ ಗುರಿಯಿದೆ. ಅರ್ಥಗ್ರಹಣವೂ ಅದರ ಆಶಯವೇ ಹೌದು, ಆದರೆ ಗಡಿಯಾರ ಹಿಡಿದು ಅಳೆಯಲು ಸುಲಭವಾದದ್ದು ವೇಗವಾದ್ದರಿಂದ ಅದೇ ಮುಂದೆ ಬರುತ್ತದೆಂಬುದು ನನ್ನ ಅನುಮಾನ.

ಪಾಠವನ್ನು ನೀನೇ ಓದಿ ಹೇಳುತ್ತಾ ನಡುವೆ ನಿಲ್ಲಿಸಿ ‘ಹೀಗೇಕಾಯಿತು?’ ಎಂದು ಕೇಳು. ಉತ್ತರ ಮನೆಮಾತಿನಲ್ಲಿ ಬಂದರೂ ಒಪ್ಪಿಕೊ. ಲೆಕ್ಕವನ್ನು ಬಿಡಿಸುವ ಮೊದಲು ಕಥೆಯಂತೆ ಹೇಳಿಸು. ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗು.

ಮುಂದಿನ ಕಿರುಪರೀಕ್ಷೆಯಾದ ಮೇಲೆ, ತಪ್ಪು ಮಾಡಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಅದೇ ಪ್ರಶ್ನೆಗಳನ್ನು ಓದಿ ಹೇಳು. ಕೇಳಿದಾಗ ಸರಿಯಾಗಿ ಉತ್ತರಿಸುವವರಿಗೆ ಬೇಕಾದದ್ದು ಓದಿನ ಅಭ್ಯಾಸ. ಆಗಲೂ ತಪ್ಪುವವರಿಗೆ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಹೇಳಲು ಬರುತ್ತದೆಯೇ ಎಂದು ನೋಡು. ಬಂದರೆ ತೊಡಕು ಗಣಿತದ್ದು, ಬಾರದಿದ್ದರೆ ಭಾಷೆಯದು. ಯಾವ ಗುಂಪಿನಲ್ಲಿ ಎಷ್ಟು ಮಕ್ಕಳಿದ್ದಾರೆಂದು ನನಗೂ ಬರೆ.

ಇಂತಿ ನಿನ್ನ,
ಅಮ್ಮ